ಸ್ಪೇಸು, ಸೈಬರ್ ಅಂತ ಸೈನ್ಯಕ್ಕೆ ಪ್ರತ್ಯೇಕ ಪಡೆ ಯಾಕೆ? ಅವ್ರು ದಿನಾ ಮಾಡೋ ಕೆಲಸ ಏನು?

ಬೆಳ್ಳಿಚುಕ್ಕಿ:

ಎಲ್ಲರಿಗೂ ನಮಸ್ಕಾರ. ಡಿಫೆನ್ಸ್ ಸ್ಟಡೀಸ್ ಎಂಎ ಮಾಡ್ತಿದೀನಿ, ಸೆಮಿನಾರ್‌ಗೆ ಸ್ಪೇಸ್ ಮತ್ತೆ ಸೈಬರ್ ಆಪರೇಷನ್ಸ್‌ನಲ್ಲಿ ಸೈನ್ಯದ ಪಾತ್ರ ಅನ್ನೋ ಟಾಪಿಕ್ ತಗೊಂಡೆ, ಓದ್ತಾ ಹೋದಷ್ಟೂ ಗೋಜಲಾಗ್ತಿದೆ. ಅಮೆರಿಕ 2019ರ ಡಿಸೆಂಬರ್‌ನಲ್ಲಿ ಸ್ಪೇಸ್ ಫೋರ್ಸ್ ಅಂತ ಬೇರೆ ಪಡೆನೇ ಕಟ್ಟಿದೆ, ಸೈಬರ್ ಕಮಾಂಡ್ ಅದಕ್ಕೂ ಮುಂಚೆಯಿಂದ ಇದೆ, ನೇಟೋದವ್ರು 2016ರಲ್ಲಿ ಸೈಬರ್‌ನ, 2019ರಲ್ಲಿ ಸ್ಪೇಸ್‌ನ ನೆಲ ಜಲ ವಾಯು ಥರಾನೇ ಒಂದು ರಣರಂಗ ಅಂತ ಒಪ್ಕೊಂಡಿದಾರೆ, ಭಾರತದಲ್ಲೂ ಡಿಫೆನ್ಸ್ ಸ್ಪೇಸ್ ಏಜೆನ್ಸಿ, ಡಿಫೆನ್ಸ್ ಸೈಬರ್ ಏಜೆನ್ಸಿ ಬಂದಿವೆ. ಇಷ್ಟೆಲ್ಲಾ ಬರ್ಕೊಂಡಿದೀನಿ, ಆದ್ರೆ ಕೆಲಸ ಏನು ಅನ್ನೋದೇ ಕಣ್ಣಿಗೆ ಕಟ್ತಿಲ್ಲ. ನೆಲದ ಮೇಲಾದ್ರೆ ಗಡಿ ಕಾಯೋದು ಅಂತ ಗೊತ್ತು, ಅಲ್ಲಿ ಮೇಲೆ ಗಡಿನೇ ಇಲ್ವಲ್ಲ. ಬೆಳಗ್ಗೆ ಡ್ಯೂಟಿಗೆ ಬಂದವ್ರು ಏನ್ ಮಾಡ್ತಾರೆ? ಸ್ಯಾಟಲೈಟ್ ಹೊಡೆಯೋಕೆ ಕಾಯ್ತಾ ಕೂತಿರ್ತಾರಾ? ಮತ್ತೆ ಈ ಎರಡನ್ನೂ ಯಾವಾಗ್ಲೂ ಜೋಡಿ ಮಾಡೇ ಯಾಕೆ ಹೇಳ್ತಾರೆ? ಗೊತ್ತಿರೋರು ಬಿಡಿಸಿ ಹೇಳಿದ್ರೆ ಉಪಕಾರ ಆಗತ್ತೆ.

ಹಳೇ ಆಂಟೆನಾ:

ಮೊದಲು ಆ ಹೊಡೆಯೋ ಚಿತ್ರಾನ ತಲೆಯಿಂದ ತೆಗೆದುಬಿಡಿ. ನಾನು 14 ವರ್ಷ ಸ್ಯಾಟಲೈಟ್ ಗ್ರೌಂಡ್ ಸ್ಟೇಷನ್‌ನಲ್ಲಿ ಇದ್ದವನು, ಸೈನ್ಯದವನಲ್ಲ, ಆದ್ರೆ ಅವ್ರ ಕೆಲಸಕ್ಕೂ ನಮ್ಮ ಕೆಲಸಕ್ಕೂ ಬಹಳ ಹತ್ತಿರದ ನೆಂಟಸ್ತನ.

ಫೋನ್ ಮ್ಯಾಪ್‌ನಲ್ಲಿ ನೀವು ಎಲ್ಲಿದೀರಿ ಅಂತ ತೋರಿಸೋ ನೀಲಿ ಚುಕ್ಕಿ ಇದೆಯಲ್ಲ, ಅಲ್ಲಿಂದ್ಲೇ ಶುರು ಮಾಡಿ. ಜಿಪಿಎಸ್ ನಡೆಸೋದು ಯಾವ್ದೋ ಕಂಪನಿ ಅಲ್ಲ, ಅಮೆರಿಕದ ಸ್ಪೇಸ್ ಫೋರ್ಸ್, ಕೊಲೊರಾಡೋದ ಶ್ರೀವರ್ ಅನ್ನೋ ಬೇಸ್‌ನಿಂದ. ಯೂನಿಫಾರ್ಮ್ ಹಾಕಿದವ್ರು ಹಗಲು ರಾತ್ರಿ ಶಿಫ್ಟ್ ಮೇಲೆ ಕೂತು ಸ್ಯಾಟಲೈಟ್‌ಗಳ ಗಡಿಯಾರ ಎಷ್ಟು ಹಿಂದೆ ಮುಂದೆ ಆಯ್ತು, ಕಕ್ಷೆ ಎಷ್ಟು ಜರುಗ್ತು ಅಂತ ನೋಡಿ ಹೊಸ ಲೆಕ್ಕ ಮೇಲಕ್ಕೆ ಕಳಿಸ್ತಾ ಇರ್ತಾರೆ. ಮೊದಲು ಅದನ್ನ ಕಟ್ಟಿದ್ದೇ ಸೈನ್ಯಕ್ಕೋಸ್ಕರ. 1983ರಲ್ಲಿ ಕೊರಿಯಾದ ಪ್ಯಾಸೆಂಜರ್ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿ, ಅವ್ರು ಹೊಡೆದು ಹಾಕಿ 269 ಜನ ಸತ್ರಲ್ಲ, ಅದಾದ ಮೇಲೆ ರೇಗನ್ ಸರ್ಕಾರ ಇದನ್ನ ನಾಗರಿಕ ಬಳಕೆಗೂ ಕೊಡ್ತೀವಿ ಅಂತ ಹೇಳಿದ್ದು. ಆದ್ರೂ 2000ದ ಮೇ ವರೆಗೆ ಜನಸಾಮಾನ್ಯರ ಸಿಗ್ನಲ್‌ಗೆ ಬೇಕಂತಲೇ ತಪ್ಪು ಬೆರೆಸ್ತಿದ್ರು, 100 ಮೀಟರ್‌ವರೆಗೂ ಆಚೀಚೆ ತೋರಿಸ್ತಿತ್ತು. ಈಗ ಮೊಬೈಲ್ ಟವರ್, ಬ್ಯಾಂಕ್ ವ್ಯವಹಾರದ ಟೈಮ್ ಸ್ಟ್ಯಾಂಪ್, ಕರೆಂಟ್ ಗ್ರಿಡ್ ಎಲ್ಲಾ ಇಂಥ ಗಡಿಯಾರಗಳನ್ನೇ ನೆಚ್ಚಿಕೊಂಡಿವೆ. ಅಂದ್ರೆ ಸ್ಪೇಸ್‌ನಲ್ಲಿ ಸೈನ್ಯದ ದೊಡ್ಡ ಪಾಲಿನ ಕೆಲಸ ಒಂದು ಸೇವೆ ನಿಲ್ಲದಂಗೆ ನೋಡ್ಕೊಳೋದು. ಉಳಿದಿದ್ದು ಕಣ್ಣಿಡೋದು, ಸಂಪರ್ಕ ಉಳಿಸೋದು, ಮಿಸೈಲ್ ಹಾರಿದ್ರೆ ಅದರ ಶಾಖ ಹಿಡಿದು ಎಚ್ಚರಿಕೆ ಕೊಡೋದು.

ಇನ್ನು ದಾಳಿ ವಿಷ್ಯ. ಜಿಪಿಎಸ್ ಸಿಗ್ನಲ್ ಹೊರಡೋದು ಸುಮಾರು 20,200 ಕಿಮೀ ಎತ್ತರದಿಂದ, ನೆಲಕ್ಕೆ ಬರೋ ಹೊತ್ತಿಗೆ ಎಷ್ಟು ಕ್ಷೀಣ ಆಗಿರತ್ತೆ ಅಂದ್ರೆ ಅದನ್ನ ಮುಳುಗಿಸೋಕೆ ರಾಕೆಟ್ ಗೀಕೆಟ್ ಏನೂ ಬೇಡ, ಅದೇ ಫ್ರೀಕ್ವೆನ್ಸಿನಲ್ಲಿ ಜೋರಾಗಿ ಕಿರುಚೋ ಒಂದು ಜ್ಯಾಮರ್ ಸಾಕು. ಸುಳ್ಳು ಸಿಗ್ನಲ್ ಕೊಟ್ಟು ದಾರಿ ತಪ್ಪಿಸಿದ್ರೆ ಅದು ಸ್ಪೂಫಿಂಗ್, ಇದು ಇನ್ನೂ ಕೆಟ್ಟದ್ದು ಯಾಕಂದ್ರೆ ರಿಸೀವರ್‌ಗೆ ತಾನು ಮೋಸ ಹೋದೆ ಅಂತಾನೇ ಗೊತ್ತಾಗಲ್ಲ.

ನಾನೇ ಕಂಡಿದ್ದು ಒಂದು ಹೇಳ್ತೀನಿ. ನೈಟ್ ಶಿಫ್ಟ್, ಸ್ಪೆಕ್ಟ್ರಮ್ ಅನಲೈಜರ್ ಮುಂದೆ ಕೂತಿದ್ದೆ, ಯಾವ ಫ್ರೀಕ್ವೆನ್ಸಿನಲ್ಲಿ ಎಷ್ಟು ಜೋರು ಸಿಗ್ನಲ್ ಇದೆ ಅಂತ ತೋರಿಸೋ ಯಂತ್ರ ಅದು. ನಮ್ಮ ಕ್ಯಾರಿಯರ್, ಅಂದ್ರೆ ನಮ್ಮ ಸಿಗ್ನಲ್, ಪರದೆ ಮೇಲೆ ಚಪ್ಪಟೆ ತಲೆಯ ದಿಬ್ಬದ ಥರ ಕಾಣತ್ತೆ, ಅದರ ಬುಡದ ನಾಯ್ಸ್ (ಹಿನ್ನೆಲೆ ಗದ್ದಲ) ಮೆಲ್ಲಗೆ ಮೇಲೇಳೋಕೆ ಶುರುವಾಯ್ತು, ನೋಡ್ತಾ ನೋಡ್ತಾ ದಿಬ್ಬದ ಮಧ್ಯೆ ಇನ್ನೊಂದು ಮೊನೆ ಎದ್ದು ನಿಂತ್ಕೊಳ್ತು. ಮೋಡೆಮ್‌ಗಳು ಸಿಗ್ನಲ್ ಮೇಲೆ ಹಿಡಿದಿದ್ದ ಲಾಕ್ ಒಂದೊಂದಾಗಿ ಹೋಯ್ತು, ಫೋನ್ ಮೇಲೆ ಫೋನ್. ಯಾರೋ ಬೇಕಂತಲೇ ಜ್ಯಾಮ್ ಮಾಡ್ತಿದಾರೆ ಅಂತಲೇ ನಾವೆಲ್ಲಾ ನಂಬಿದ್ವಿ. ಆರು ಗಂಟೆ ಹುಡುಕಾಡಿದ ಮೇಲೆ ಗೊತ್ತಾಗಿದ್ದು, ಎಲ್ಲೋ ದೂರದಲ್ಲಿ ಒಬ್ಬ ಟೆಕ್ನೀಷಿಯನ್ ಡಿಶ್ ಕೂರಿಸುವಾಗ ಪೋಲರೈಸೇಶನ್ (ರೇಡಿಯೋ ಅಲೆ ಅಲ್ಲಾಡೋ ದಿಕ್ಕು) ಸರಿಯಾಗಿ ತಿರುಗಿಸದೆ ಬಿಟ್ಟಿದ್ದ, ಅವನ ಅಪ್‌ಲಿಂಕ್, ಅಂದ್ರೆ ಮೇಲಕ್ಕೆ ಕಳಿಸೋ ಸಿಗ್ನಲ್, ಸೋರಿ ನಮ್ಮ ಮೇಲೆ ಬಿದ್ದಿತ್ತು. ಕೈತಪ್ಪು, ಅಷ್ಟೇ. ಆದ್ರೆ ಪರದೆ ಮೇಲೆ ತಪ್ಪೂ ಒಂದೇ ಥರ ಕಾಣತ್ತೆ, ದಾಳಿಯೂ ಒಂದೇ ಥರ ಕಾಣತ್ತೆ. ಸೈನ್ಯದವ್ರ ಜಾಗದಲ್ಲಿ ಕೂತು ಇದನ್ನ ಯೋಚನೆ ಮಾಡಿ ನೋಡಿ, ಆ ಆರು ಗಂಟೇಲಿ ಮೇಲಧಿಕಾರಿ ಫೋನ್ ಮಾಡಿ ಇದು ಯುದ್ಧದ ಶುರುವಾ ಅಂತ ಕೇಳಿದ್ರೆ ಏನ್ ಹೇಳ್ತೀರಿ?

ಲಾಗ್ ಓದೋನು:

ಆಂಟೆನಾ ಸರ್ ಹೇಳಿದ್ದಕ್ಕೆ ಸೈಬರ್ ಕಡೆಯಿಂದ ಸೇರಿಸ್ತೀನಿ. ಎರಡನ್ನೂ ಜೋಡಿ ಮಾಡಿ ಯಾಕೆ ಹೇಳ್ತಾರೆ ಅನ್ನೋದಕ್ಕೆ ಒಂದು ದಿನದ ಕಥೆ ಓದಿದ್ರೆ ಸಾಕು, 2022ರ ಫೆಬ್ರವರಿ 24. ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ಆ ಬೆಳಗಿನ ಜಾವವೇ ಸ್ಯಾಟಲೈಟ್ ಇಂಟರ್ನೆಟ್ ಕೊಡೋ ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ನೆಟ್‌ವರ್ಕ್ ಬಿತ್ತು. ಸ್ಯಾಟಲೈಟ್‌ಗೆ ಒಂದು ಗೀರೂ ಬಿದ್ದಿಲ್ಲ, ಅದು ತನ್ನ ಪಾಡಿಗೆ ಮೇಲೆ ಆರಾಮಾಗಿತ್ತು. ದಾಳಿಕೋರರು ಸರಿಯಾಗಿ ಸೆಟ್ ಮಾಡದೆ ಇದ್ದ ಒಂದು ವಿಪಿಎನ್ ಡಿವೈಸ್ (ಹೊರಗಿನಿಂದ ಒಳಗಿನ ಜಾಲಕ್ಕೆ ಸೇರಿಸೋ ಉಪಕರಣ) ಮೂಲಕ ಒಳಗೆ ಬಂದು, ನೆಟ್‌ವರ್ಕ್ ಮ್ಯಾನೇಜ್ ಮಾಡೋ ಜಾಗ ತಲುಪಿ, ಅಲ್ಲಿಂದ ಸಾವಿರಾರು ಮನೆ ಆಫೀಸುಗಳ ಮೋಡೆಮ್‌ಗೆ ಒಟ್ಟಿಗೆ ಕಮಾಂಡ್ ಕಳಿಸಿ ಫ್ಲ್ಯಾಶ್ ಮೆಮೊರಿ ಅಳಿಸಿಬಿಟ್ರು. ಕಮಾಂಡ್‌ಗಳು ಮಾಮೂಲಿ ಮ್ಯಾನೇಜ್‌ಮೆಂಟ್ ಕಮಾಂಡ್‌ಗಳೇ, ಅದನ್ನ ಓದಿದಾಗ ನನಗೆ ಹೊಟ್ಟೆಯೊಳಗೆ ತಣ್ಣಗಾಯ್ತು ಯಾಕಂದ್ರೆ ನಾನು ದಿನಾ ನೋಡೋ ಲಾಗ್‌ನಲ್ಲಿ (ಜಾಲದಲ್ಲಿ ಏನೇನಾಯ್ತು ಅನ್ನೋ ದಾಖಲೆ) ಅಂಥ ಸಾಲುಗಳು ಸಾವಿರ ಇರ್ತವೆ. ಉಕ್ರೇನ್ ಸೈನ್ಯವೂ ಬಳಸ್ತಿದ್ದ ಜಾಲ ಅದು, ಆದ್ರೆ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳಿಗೆ ರಿಮೋಟ್ ಸಂಪರ್ಕ ಕಡಿದುಹೋಯ್ತು. ತಿರುಗ್ತಾ ಇದ್ದವು, ದೂರದಿಂದ ನೋಡೋಕೆ ಆಗ್ತಿರ್ಲಿಲ್ಲ.

ಇದರಲ್ಲೇ ನನ್ನ ತಕರಾರೂ ಇದೆ. ಸೈಬರ್ ಅಂದ್ರೆ ಎಲ್ಲಾ ಸೈನ್ಯಕ್ಕೇ ಕೊಟ್ಟುಬಿಡಿ ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ದಾಳಿ ಬೀಳೋ ನೆಟ್‌ವರ್ಕ್‌ಗಳಲ್ಲಿ ಬಹುಪಾಲು ಖಾಸಗಿಯವರದ್ದು, ಅಲ್ಲಿ ಸಾಫ್ಟ್‌ವೇರ್ ದೋಷಕ್ಕೆ ಪ್ಯಾಚ್ ಹಾಕೋದು, ಪಾಸ್‌ವರ್ಡ್ ಬದಲಾಯಿಸೋದು, ಬ್ಯಾಕಪ್ ಇಡೋದು ನಮ್ಮಂಥ ಮಾಮೂಲಿ ಜನ. ಸೈನ್ಯ ತನ್ನ ಜಾಲ ಕಾಯ್ಲಿ, ಶತ್ರು ಏನ್ ತಯಾರಿ ಮಾಡ್ತಿದಾನೆ ಅಂತ ಹೊರಗೆ ನೋಡ್ಲಿ, ಕಂಡಿದ್ದನ್ನ ಬೇಗ ನಮಗೆ ಹೇಳ್ಲಿ. ಮೂರನೇದು ಎಷ್ಟು ಬೇಗ ಆಗತ್ತೋ ಅದರ ಮೇಲೆ ಎಲ್ಲಾ ನಿಂತಿದೆ.

ಮುಂಗಾರು:

ಹೊಡೆಯೋ ಚಿತ್ರ ತೆಗೆದುಬಿಡಿ ಅಂದ್ರಲ್ಲ, ಅದು ಪೂರ್ತಿ ಸರಿ ಇಲ್ಲ ಅನ್ಸತ್ತೆ ನನಗೆ. ನಾಲ್ಕು ದೇಶ ಸ್ವಂತ ಸ್ಯಾಟಲೈಟ್‌ನ ಮಿಸೈಲ್‌ನಿಂದ ಹೊಡೆದು ತೋರಿಸಿವೆ. ಚೀನಾ 2007ರಲ್ಲಿ, ಅಮೆರಿಕ 2008ರಲ್ಲಿ, ಭಾರತ 2019ರ ಮಾರ್ಚ್ 27ಕ್ಕೆ ಮಿಷನ್ ಶಕ್ತಿ, ರಷ್ಯಾ 2021ರ ನವೆಂಬರ್ 15ಕ್ಕೆ. ಇದರಲ್ಲಿ ಎತ್ತರ ಬಹಳ ಮುಖ್ಯ. ಭಾರತದ್ದು ಸುಮಾರು 300 ಕಿಮೀ ಎತ್ತರದಲ್ಲಿ, ಹಾಗಾಗಿ ಚೂರುಗಳಲ್ಲಿ ಹೆಚ್ಚಿನವು ಬೇಗ ಕೆಳಗೆ ಬಿದ್ದು ಸುಟ್ಟುಹೋದ್ವು. ಚೀನಾದ್ದು 800 ಕಿಮೀಗಿಂತ ಮೇಲೆ, ಲೆಕ್ಕಕ್ಕೆ ಸಿಕ್ಕ ಚೂರುಗಳೇ 3,000ಕ್ಕೂ ಜಾಸ್ತಿ, ಇವತ್ತಿಗೂ ಎಷ್ಟೋ ಸುತ್ತುತ್ತಾ ಇವೆ. ರಷ್ಯಾ ಹೊಡೆದಾಗ ಸ್ಪೇಸ್ ಸ್ಟೇಷನ್‌ನಲ್ಲಿದ್ದ ಏಳೂ ಜನ ಎದ್ದು ತಮ್ಮ ತಮ್ಮ ವಾಪಸ್ ಬರೋ ನೌಕೆಗಳೊಳಗೆ ಸೇರ್ಕೊಂಡು ಬಾಗಿಲು ಹಾಕಬೇಕಾಯ್ತು, ಆ ಏಳರಲ್ಲಿ ಇಬ್ಬರು ರಷ್ಯಾದವ್ರೇ. ಅದನ್ನ ನೆನೆಸ್ಕೊಂಡ್ರೆ ನನಗೆ ಈಗ್ಲೂ ಸಿಟ್ಟು ಬರತ್ತೆ.

ಸೈಬರ್‌ಗೂ ಇದಕ್ಕೂ ನನಗೆ ಕಾಣೋ ಸಂಬಂಧ ಇದು, ಎರಡರಲ್ಲೂ ಒಮ್ಮೆ ಕೈಯಿಂದ ಹೊರಗೆ ಬಿಟ್ಟ ಮೇಲೆ ಆ ವಸ್ತು ನೀವು ಹೇಳಿದಲ್ಲಿಗೆ ಮಾತ್ರ ಹೋಗಲ್ಲ. 2017ರ ನಾಟ್‌ಪೆಟ್ಯಾ ಅನ್ನೋ ಕಂಪ್ಯೂಟರ್ ಕೆಡಿಸೋ ಪ್ರೋಗ್ರಾಂ ಉಕ್ರೇನ್‌ನ ಒಂದು ಅಕೌಂಟಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಹಿಡ್ಕೊಂಡು ಹೊರಟಿದ್ದು, ಮೇರ್ಸ್ಕ್ ಹಡಗು ಕಂಪನಿಗೆ ನುಗ್ಗಿ ಅವ್ರು 45,000 ಕಂಪ್ಯೂಟರ್ ಮತ್ತೆ ಇನ್‌ಸ್ಟಾಲ್ ಮಾಡ್ಬೇಕಾಯ್ತು. ಚೂರುಗಳೂ ಹಂಗೇ, ಯಾರ ಸ್ಯಾಟಲೈಟು ಅಂತ ನೋಡಲ್ಲ. ನಿಮ್ಮ ಸೆಮಿನಾರ್‌ನಲ್ಲಿ ಈ ಅಂಶ ಬರ್ಲೇಬೇಕು.

ಬೆಳ್ಳಿಚುಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮೂರು ತಿಂಗಳು ಓದಿದ್ದಕ್ಕಿಂತ ಜಾಸ್ತಿ ಸಿಕ್ತು. ಇನ್ನೊಂದೇ ಡೌಟು. ಇದಕ್ಕೆಲ್ಲಾ ಕಾನೂನು ಇಲ್ವಾ? 1967ರ ಬಾಹ್ಯಾಕಾಶ ಒಪ್ಪಂದ ಇದೆಯಲ್ಲ. ಮತ್ತೆ ಯಾರು ಮಾಡಿದ್ದು ಅಂತಾನೇ ಗೊತ್ತಾಗ್ದಿದ್ರೆ ತಿರುಗಿ ಹೊಡೆಯೋದು ಯಾರಿಗೆ?

ಹಳೇ ಆಂಟೆನಾ:

ಮುಂಗಾರು ಅವ್ರೇ, ತಿದ್ದಿದ್ದು ಸರಿ, ನಾನು ಅವಸರದಲ್ಲಿ ಬರೆದೆ. ಏಳು ಜನರ ವಿಷ್ಯ ನಾನೇ ಹೇಳ್ಬೇಕಿತ್ತು.

ಒಪ್ಪಂದ ಇದೆ, ಆದ್ರೆ ನಾಲ್ಕನೇ ವಿಧಿಯನ್ನ ಪದ ಪದ ಓದಿ ನೋಡಿ. ಅಣುಬಾಂಬ್ ಮತ್ತೆ ಅಂಥ ಸಾಮೂಹಿಕ ವಿನಾಶದ ಆಯುಧಗಳನ್ನ ಕಕ್ಷೆಗೆ ಹಾಕಬಾರದು, ಚಂದ್ರನ ಮೇಲೆ ಸೇನಾ ನೆಲೆ ಮಾಡಬಾರದು ಅಂತ ಇದೆ. ಮಾಮೂಲಿ ಆಯುಧ, ಜ್ಯಾಮಿಂಗ್, ನೆಲದಿಂದ ಹಾರೋ ಮಿಸೈಲ್ ಬಗ್ಗೆ ಆ ವಿಧಿ ಏನೂ ಹೇಳಲ್ಲ. ಅಣುಬಾಂಬ್ ಬಗ್ಗೆ ಅಷ್ಟು ಗಟ್ಟಿಯಾಗಿ ಬರೆಯೋಕೆ ಅವ್ರಿಗೆ ಕಾರಣನೂ ಇತ್ತು. 1962ರ ಜುಲೈನಲ್ಲಿ ಅಮೆರಿಕ ಸ್ಟಾರ್‌ಫಿಶ್ ಪ್ರೈಮ್ ಅಂತ 400 ಕಿಮೀ ಎತ್ತರದಲ್ಲಿ ಒಂದು ಬಾಂಬ್ ಸಿಡಿಸ್ತು, ಸಾವಿರ ಕಿಮೀಗೂ ಆಚೆ ಹವಾಯಿಯಲ್ಲಿ ಬೀದಿದೀಪ ಆರಿಹೋದ್ವು, ಆಮೇಲೆ ಉಳ್ಕೊಂಡ ವಿಕಿರಣಕ್ಕೆ ಹಲವು ಸ್ಯಾಟಲೈಟ್ ಕೆಟ್ಟವು. ಇನ್ನು ಮಿಸೈಲ್‌ನಿಂದ ಸ್ಯಾಟಲೈಟ್ ಒಡೆಯೋ ಪರೀಕ್ಷೆ ಮಾಡಬೇಡಿ ಅಂತ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2022ರ ಡಿಸೆಂಬರ್‌ನಲ್ಲಿ ಕರೆ ಕೊಟ್ಟಿದೆ, ಅದು ಕರೆ ಮಾತ್ರ, ಯಾರನ್ನೂ ಕಟ್ಟಿಹಾಕಲ್ಲ.

ಯಾರು ಮಾಡಿದ್ದು ಅನ್ನೋದಕ್ಕೆ ಲಾಗ್ ಓದೋನು ಅವ್ರ ಕಥೆಗೇ ವಾಪಸ್ ಬರ್ತೀನಿ. ಮೋಡೆಮ್‌ಗಳು ಸತ್ತಿದ್ದು ಫೆಬ್ರವರಿ 24ಕ್ಕೆ. ಅಮೆರಿಕ, ಬ್ರಿಟನ್, ಯೂರೋಪಿಯನ್ ಯೂನಿಯನ್ ಒಟ್ಟಾಗಿ ಇದು ರಷ್ಯಾದ್ದೇ ಕೆಲಸ ಅಂತ ಬಾಯಿಬಿಟ್ಟು ಹೇಳಿದ್ದು ಮೇ 10ಕ್ಕೆ. ಎರಡೂವರೆ ತಿಂಗಳು, ಅದೂ ಕಣ್ಣೆದುರಿಗೇ ಯುದ್ಧ ನಡೀತಿದ್ದಾಗ. ನಿಮ್ಮ ಸೆಮಿನಾರ್‌ಗೆ ಈ ಎರಡು ತಾರೀಖನ್ನ ಬೋರ್ಡ್ ಮೇಲೆ ಬರೆದು, ಮಧ್ಯದ ಆ ದಿನಗಳಲ್ಲಿ ಒಬ್ಬ ಸೇನಾಧಿಕಾರಿ ಏನ್ ಮಾಡ್ಬೇಕಿತ್ತು, ಏನ್ ಮಾಡ್ಬಾರ್ದಿತ್ತು ಅಂತ ಕ್ಲಾಸಿಗೇ ಕೇಳಿ. ಆಗಿದ್ದ ಚರ್ಚೆ ಬಂದು ಇಲ್ಲಿ ಬರೀರಿ, ಕಾಯ್ತಿರ್ತೀನಿ.