ಟ್ರಕ್ಕಿನ ಸೈಲೆನ್ಸರ್, ಪೈಪು ನಾವೇ ಬದಲಾಯಿಸಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಪಿಕಪ್ ಟ್ರಕ್, ಪೆಟ್ರೋಲ್. ಸೈಲೆನ್ಸರ್ ಬೆಸುಗೆಯ ಹತ್ತಿರ ತುಕ್ಕು ತಿಂದು ತೂತು ಬಿದ್ದಿದೆ. ಹಿಂದಿನ ಪೈಪನ್ನು ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಉದುರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ಗಟ್ಟಿಯಾಗಿದೆ, ಅದರ ಹಿಂದಿನದ್ದೆಲ್ಲ ಹೊಸದು ಹಾಕಬೇಕು. ಜಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸೆಟ್, ಹ್ಯಾಕ್ಸಾ ಇವೆ. ವೆಲ್ಡಿಂಗ್ ಮಿಷನ್ ಇಲ್ಲ. ಮನೆಯಲ್ಲೇ ಮಾಡಬಹುದಾ? ಎಲ್ಲಿ ಕೈಕೊಡುತ್ತದೆ?

ಉತ್ತರ 1

ಧೈರ್ಯವಾಗಿ ಮಾಡಿ ಸಾರ್. ನನ್ನ ಗಾಡಿಯ ಈ ಕೆಲಸವನ್ನು ನಾನು ಬೇರೆಯವರ ಕೈಗೆ ಕೊಡುವುದೇ ಇಲ್ಲ. ನಿಮ್ಮ ಮಾಡೆಲ್‌ಗೆಂದೇ ಬಗ್ಗಿಸಿದ ಪೈಪು ಸಿಕ್ಕರೆ ವೆಲ್ಡಿಂಗ್ ಬೇಡ, ಕ್ಲಾಂಪ್ ಸಾಕು.

ಜೀವ ತಿನ್ನುವುದು ಕನ್ವರ್ಟರ್ ಹಿಂದಿನ ಫ್ಲ್ಯಾಂಜ್ (ಎರಡು ಪೈಪು ಸೇರುವ ಚಪ್ಪಟೆ ಅಂಚು) ಬೋಲ್ಟುಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. 6 ಮೂಲೆಯ ಸಾಕೆಟ್ಟನ್ನೇ ಹಾಕಿ. 12 ಮೂಲೆಯದ್ದು ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸಿಬಿಡುತ್ತದೆ. ಒಂದೇ ಉಸಿರಿಗೆ ಬಿಚ್ಚಲು ಹೋಗಬೇಡಿ. ಸ್ವಲ್ಪ ಸಡಿಲ, ಮತ್ತೆ ಸ್ವಲ್ಪ ಬಿಗಿ, ಹೀಗೆ ಆಡಿಸಿ. ಕಿರ್ ಎಂದು ಸದ್ದು ಬಂದರೆ ಬಿಡುತ್ತಿದೆ ಎಂದರ್ಥ. ಸದ್ದೇ ಇಲ್ಲದೆ ಮೆತ್ತಗೆ ತಿರುಗಿದರೆ ಬೋಲ್ಟು ತಿರುಚಿಕೊಳ್ಳುತ್ತಿದೆ, ತಕ್ಷಣ ನಿಲ್ಲಿಸಿ. ಈ ಕಡೆಯಿಂದ ಆ ಕಡೆಗೆ ತೂರಿ ನಟ್ಟು ಹಾಕಿದ ಬೋಲ್ಟಾದರೆ ಕತ್ತರಿಸಿ ಹೊಸದು ಹಾಕುವುದೇ ಸುಲಭ. ಜಾಯಿಂಟಿನ ಮಧ್ಯೆ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಅಂತೂ ಹೊಸದೇ ಬೇಕು.

ಹಳೇ ಪೈಪಿನ ಮೇಲೆ ಕರುಣೆ ಬೇಡ. ಹಿಂದಿನ ಆಕ್ಸಲ್ ಮುಂದೆ ಕತ್ತರಿಸಿದರೆ ಎರಡು ತುಂಡಾಗಿ ಸಲೀಸಾಗಿ ಇಳಿಯುತ್ತದೆ. ಆದರೆ ಒಂದರೊಳಗೊಂದು ಪೈಪು ತೂರಿದ ಜಾಯಿಂಟಿನಲ್ಲಿ ಒಳಗಿನದ್ದನ್ನು ಉಳಿಸಿಕೊಳ್ಳಬೇಕಾದರೆ ನಿಧಾನ. ಹೊರಗಿನ ಪೈಪನ್ನು ಮಾತ್ರ ಉದ್ದಕ್ಕೆ ಕೊಯ್ದು, ಉಳಿ ಇಟ್ಟು ಸೀಳನ್ನು ಅಗಲಿಸಿ, ಬಾಳೆಕಾಯಿ ಸಿಪ್ಪೆಯಂತೆ ಸುಲಿಯಿರಿ. ಒಳಗಿನದ್ದರ ದುಂಡು ಕೆಟ್ಟರೆ ಎಂಥ ಕ್ಲಾಂಪ್ ಹಾಕಿದರೂ ಹೊಗೆ ಸೋರುತ್ತದೆ.

ಹೊಸದನ್ನು ಕೂರಿಸುವಾಗ ಕೊನೆಯವರೆಗೂ ಯಾವ ಕ್ಲಾಂಪನ್ನೂ ಬಿಗಿ ಮಾಡಬೇಡಿ. ಎಲ್ಲ ಸಡಿಲವಾಗಿ ತೂಗಿಬಿಡಿ, ತಿರುಗಿಸಿ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ಇನ್ನೊಂದು ಮಾತು. ಚಾಸಿ (ಗಾಡಿಯ ಚೌಕಟ್ಟು) ಹಿಡಿದು ಎತ್ತಿದಾಗ ಆಕ್ಸಲ್ ಕೆಳಗೆ ಜೋತುಬೀಳುತ್ತದೆ. ಆಗ ಪೈಪಿಗೂ ಅದಕ್ಕೂ ಬೇಕಾದಷ್ಟು ಜಾಗ ಇರುವಂತೆ ಕಾಣುತ್ತದೆ. ಲೋಡ್ ಬಿದ್ದು ಆಕ್ಸಲ್ ಮೇಲೆದ್ದಾಗ ಟಣ್ ಎಂದು ಬಡಿಯುತ್ತದೆ. ಅದಕ್ಕೇ ಸ್ಟ್ಯಾಂಡನ್ನು ಆಕ್ಸಲ್ ಕೆಳಗಿಟ್ಟು ಜಾಗ ನೋಡಿ. ಬ್ರೇಕ್ ಪೈಪು, ಇಂಧನ ಪೈಪು, ಸ್ಟೆಪ್ನಿ, ಎಲ್ಲದರಿಂದಲೂ ದೂರ ಇರಲಿ.

ಉತ್ತರ 2

ಅಣ್ಣ ಎಲ್ಲ ಹೇಳಿಬಿಟ್ಟಿದ್ದಾರೆ. ಪೈಪನ್ನು ತೂಗುಹಾಕುವ ರಬ್ಬರ್‌ಗೆ ಸೋಪಿನ ನೀರು ಹಚ್ಚಿದರೆ ಜಾರಿ ಬರುತ್ತದೆ, ಸುಮ್ನೆ ಎಳೆದಾಡಬೇಡಿ. ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಾಯಿಸಿ. ಸೈಲೆನ್ಸರ್ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆ ಹೋಗುವ ದಿಕ್ಕು. ಕನ್ನಡಕ ಮರೆಯಬೇಡಿ, ಕೆಳಗೆ ಮಲಗಿದಾಗ ತುಕ್ಕೆಲ್ಲ ಕಣ್ಣಿಗೇ ಬೀಳುವುದು. ಟ್ಯಾಂಕ್ ಹತ್ತಿರ ಗ್ರೈಂಡರ್ ಬೇಡ, ಹ್ಯಾಕ್ಸಾದಲ್ಲೇ ಕೊಯ್ಯಿರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಒಂದು ಅನುಮಾನ. ಆಕ್ಸಲ್ ಮೇಲೆ ಹಾಯುವ ಬಗ್ಗಿದ ಪೈಪೇ ಕಷ್ಟದ್ದು, ಅಲ್ವಾ? ಸೈಲೆನ್ಸರ್ ಆದಮೇಲೆ ಅಲ್ಲೇ ನಿಲ್ಲಿಸಿಬಿಡಬಹುದಾ?

ಉತ್ತರ 1

ದಯವಿಟ್ಟು ಬೇಡ. ಕ್ಯಾಬಿನ್ ಅಡಿಯಲ್ಲೋ ಬಾಡಿ ಅಡಿಯಲ್ಲೋ ಹೊಗೆ ಬಿಟ್ಟರೆ ನೆಲದ ಸಂದಿಯಿಂದ, ಕಿಟಕಿಯಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುವಾಗಲೂ ಕಾರಣ ಹೊಳೆಯುವುದಿಲ್ಲ. ಗಾಡಿಯಲ್ಲಿ ಮಕ್ಕಳು ಮಲಗಿರುತ್ತಾರೆ ಸಾರ್. ಕಂಪನಿ ಪೈಪು ಎಲ್ಲಿಗೆ ಮುಗಿದಿತ್ತೋ ಹೊಸದೂ ಅಲ್ಲಿಗೇ ಮುಗಿಯಲಿ.

ಕೆಲಸ ಮುಗಿದ ಮೇಲೆ ಬಯಲಲ್ಲಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಒಂದೊಂದು ಜಾಯಿಂಟಿಗೂ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಆಮೇಲೆ ಬಿಸಿಯಾದಾಗ ಹೊಸ ಪೈಪಿಗೆ ಹಚ್ಚಿದ ಎಣ್ಣೆ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುತ್ತದೆ, ಗಾಬರಿಯಾಗಬೇಡಿ. ಒಂದು ಸುತ್ತು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಎಲ್ಲ ಕ್ಲಾಂಪನ್ನೂ ಇನ್ನೊಮ್ಮೆ ಬಿಗಿ ಮಾಡಿ.