ಬೆಕ್ಕಿಗೆ ಕೊರೊನಾ ಪಾಸಿಟಿವ್ ಬಂದ್ರೆ ತೋಟಕ್ಕೆ ಬಿಟ್ಬಿಡ್ಬೇಕಾ?

ಗೋಣಿಕೊಪ್ಪ_ಕಾವೇರಿ: ನಮ್ ಬೆಕ್ಕಿಗೆ ಭೇದಿ ಅಂತ ತೋರ್ಸಿದ್ವಿ, ಬ್ಲಡ್ ಟೆಸ್ಟಲ್ಲಿ ಕೊರೊನಾವೈರಸ್ ಆ್ಯಂಟಿಬಾಡಿ ಪಾಸಿಟಿವ್ ಬಂದಿದೆ. ಈಗ ಭೇದಿ ನಿಂತಿದೆ, ಚೆನ್ನಾಗೇ ತಿಂತಿದೆ. ಅತ್ತೆ ಮಾತ್ರ ಮನೇಲಿ ಮಗು ಇದೆ, ತೋಟದ ಕೆಲಸದವರ ಲೈನ್ ಮನೆ ಕಡೆ ಬಿಟ್ಟು ಬಾ ಅಂತ ಒಂದೇ ಹಟ.

ತೋಟದ_ಬೋಪಣ್ಣ: ಅತ್ತೆ ಹೇಳಿದ್ರಲ್ಲಿ ತಪ್ಪೇನಮ್ಮ? 2021ರಲ್ಲಿ ಹೈದರಾಬಾದ್ ಝೂನಲ್ಲಿ 8 ಸಿಂಹಕ್ಕೆ ಕೋವಿಡ್ ಬಂದಿತ್ತು, ಥಾಯ್ಲೆಂಡಲ್ಲಿ ಬೆಕ್ಕು ಮುಖಕ್ಕೆ ಸೀನಿ ಡಾಕ್ಟರಿಗೇ ಹತ್ತಿತ್ತು.

ವೆಟ್_ಹುಡುಗಿ_ಮಡಿಕೇರಿ: ಅಂಕಲ್, ಅದೇ ಬೇರೆ ಇದೇ ಬೇರೆ. ನೀವ್ ಹೇಳ್ತಿರೋದು ಮನುಷ್ಯರ ಕೋವಿಡ್ ವೈರಸ್, ಆ ಥಾಯ್ ಬೆಕ್ಕಿನ ಓನರ್‌ಗೂ ಕೋವಿಡ್ ಇತ್ತು. ಕಾವೇರಿ ಅಕ್ಕನ ಬೆಕ್ಕಿಗಿರೋದು ಬೆಕ್ಕುಗಳದ್ದೇ ಹಳೇ ಕೊರೊನಾ, ಕರುಳಲ್ಲಿರತ್ತೆ, ಮನುಷ್ಯರಿಗೆ ಬರಲ್ಲ. ನಮ್ಮೂರ ಮಳೆಗಾಲದಲ್ಲಿ ಎಲ್ಲಾ ಬೆಕ್ಕನ್ನೂ ಒಳಗೆ ಕೂಡಿಹಾಕಿ ಹೇಲೋಕೆ ಒಂದೇ ಮಣ್ಣಿನ ಟ್ರೇ ಇಟ್ರೆ ಹೇಲಿಂದ ಒಂದರಿಂದ ಒಂದಕ್ಕೆ ಹರಡತ್ತೆ. ಕೆಲವು ಬೆಕ್ಕಲ್ಲಿ ಮಾತ್ರ, ನೂರಕ್ಕೆ 10ಕ್ಕಿಂತ ಕಮ್ಮಿ, ಆ ವೈರಸ್ ಒಳಗೇ ರೂಪ ಬದಲಿಸಿ (ಮ್ಯುಟೇಟ್ ಆಗಿ) ಎಫ್‌ಐಪಿ ಅನ್ನೋ ಮಾರಕ ಕಾಯಿಲೆ ಆಗತ್ತೆ. ಆ್ಯಂಟಿಬಾಡಿ ಇದೆ ಅಂದ್ರೆ ಯಾವಾಗಲೋ ವೈರಸ್ ತಗುಲಿತ್ತು ಅಂತ, ಅಷ್ಟೇ.

ಶಶಿ_ಶನಿವಾರಸಂತೆ: ನಮ್ದಕ್ಕೆ ಎಫ್‌ಐಪಿನೇ ಆಗಿತ್ತು. ಬೆನ್ನು ಸವರಿದ್ರೆ ಎಲುಬು ಎಣಿಸ್ಬೋದು, ಹೊಟ್ಟೆ ಮಾತ್ರ ಡುಬ್ಬ. ಸಿರಿಂಜಲ್ಲಿ ಎಳೆದ್ರೆ ಹಳದಿ ನೀರು, ಬೆರಳಿಗೆ ಅಂಟಿ ನೂಲಿನ ಹಾಗೆ ಬರ್ತಿತ್ತು. ಆಗ ಔಷಧಿ ಇಲ್ಲ ಅಂತ ಎಲ್ರೂ ಕೈಚೆಲ್ಲಿದ್ರು.

ವೆಟ್_ಹುಡುಗಿ_ಮಡಿಕೇರಿ: ಶಶಿ ಅಣ್ಣ, ಈಗ ಹಾಗಿಲ್ಲ. ಕ್ಯಾಲಿಫೋರ್ನಿಯಾದ ವೆಟ್ ಡಾಕ್ಟರ್ ನೀಲ್ಸ್ ಪೆಡರ್ಸನ್ ತಂಡ 2019ರಲ್ಲಿ ಜಿಎಸ್-441524 ಅನ್ನೋ ಔಷಧಿ 31 ಬೆಕ್ಕಿಗೆ ಕೊಟ್ಟು 25 ಉಳಿದ್ವು. ಕೋವಿಡ್ ಟೈಮಲ್ಲಿ ನಾವು ಕೇಳಿದ್ವಲ್ಲ ರೆಮ್‌ಡಿಸಿವಿರ್, ಅದು ಮೈಯೊಳಗೆ ಹೋಗಿ ಆಗೋದೂ ಇದೇ. ಕೋರ್ಸ್ 84 ದಿನ, ಹೊಟ್ಟೇಲಿ ನೀರು ತುಂಬೋ ಥರದ್ದಕ್ಕೆ 42 ದಿನನೂ ಸಾಕಾಗತ್ತೆ ಅಂತ 2024ರ ಜರ್ಮನ್ ಸ್ಟಡಿ ಒಂದಿದೆ.

ತೋಟದ_ಬೋಪಣ್ಣ: ಸರಿ ಮಾರಾಯ್ತಿ, ಆದ್ರೆ ಸೈಪ್ರಸ್‌ನಲ್ಲಿ 2023ರಲ್ಲಿ ಆ ಕಾಯಿಲೆನೇ ಬೆಕ್ಕಿಂದ ಬೆಕ್ಕಿಗೆ ಹಬ್ಬಿ ರಾಶಿ ರಾಶಿ ಸತ್ವಲ್ಲ, ಅದಕ್ಕೇನಂತೀಯ?

ವೆಟ್_ಹುಡುಗಿ_ಮಡಿಕೇರಿ: ಅದು ನಿಜ ಅಂಕಲ್, ಅದು ನಾಯಿ ಕೊರೊನಾ ಜೊತೆ ಬೆರೆತ ಹೊಸ ತಳಿ. ಹಾಗಂತ ಇಲ್ಲಿ ಪಾಸಿಟಿವ್ ಬಂದಿದ್ದೆಲ್ಲ ಅದೇ ಅಂತ ಆಗಲ್ಲ. ಮತ್ತೆ ಲೈನ್ ಮನೆ ಕಡೆ ಬಿಟ್ರೆ ಅಲ್ಲಿರೋ ಬೆಕ್ಕುಗಳಿಗೆ ಇದೇ ಹೋಗಿ ಹಂಚತ್ತಲ್ಲ, ಅವೇನ್ ಪಾಪ ಮಾಡಿದ್ವು?

ಶಶಿ_ಶನಿವಾರಸಂತೆ: ಕಾವೇರಿ, ಮತ್ತೆ ಟೆಸ್ಟ್ ಅಂತ ದುಡ್ಡು ಸುರೀಬೇಡ. ಜ್ವರ ಇಳೀದೇ ಇದ್ರೆ, ತೂಕ ಬಿದ್ರೆ, ಕಣ್ಣು ಮಬ್ಬಾದ್ರೆ ತಕ್ಷಣ ಓಡು. ಎಫ್‌ಐಪಿ ಔಷಧಿ ಅಂತ ಫೋನಲ್ಲಿ ಮಾರೋ ಇಂಜೆಕ್ಷನ್ ಮಾತ್ರ ತಗೋಬೇಡ, ಒಳಗೇನಿದ್ಯೋ ದೇವ್ರೇ ಬಲ್ಲ.

ಗೋಣಿಕೊಪ್ಪ_ಕಾವೇರಿ: ಅತ್ತೆಗೆ ಇದನ್ನೆಲ್ಲ ಓದಿ ಹೇಳ್ದೆ. "ಸರಿ ಇರ್ಲಿ, ಅಡಿಗೆಮನೆಗೆ ಮಾತ್ರ ಬರಬಾರ್ದು" ಅಂದ್ರು.