ಫ್ರಾನ್ಸ್‌ನಲ್ಲಿ ಗಾಡಿ ಗಲಾಟೆ ಇಲ್ಲದ ನದಿ ಕಣಿವೆ, ರೋಡ್ ಸೈಕಲ್‌ಗೆ: ಹೋಗಿ ಬಂದವರು ಹೇಳಿ

ಐಂಡ್‌ಹೋವನ್_ಹುಡುಗ:
ಎಲ್ರಿಗೂ ನಮಸ್ಕಾರ. ಜೂನ್ ಮೊದಲ ವಾರ ನಾನು ನಮ್ಮನೆಯವಳು ಇಬ್ರೂ ಸೈಕಲ್ ಕಾರಿನ ಹಿಂದೆ ಹಾಕ್ಕೊಂಡು ಫ್ರಾನ್ಸ್‌ಗೆ ಹೊರಟಿದೀವಿ, ಒಂದು ವಾರ ರಜೆ. ದಕ್ಷಿಣದ ಕಡೆ ಲಾಟ್ ನದಿ ಕಣಿವೆ ಚೆನ್ನಾಗಿದೆ ಅಂತ ಆಫೀಸಲ್ಲಿ ಯಾರೋ ಹೇಳಿದ್ರು. ನೆದರ್ಲೆಂಡ್ಸ್‌ನಲ್ಲಿ ಸಪಾಟು ರಸ್ತೆ ಹೊಡೆದೂ ಹೊಡೆದೂ ಬೇಜಾರಾಗಿದೆ, ಆದ್ರೆ ಆಲ್ಪ್ಸ್ ಥರ ಏರು ಹತ್ತೋ ತಾಕತ್ತು ಇಬ್ರಿಗೂ ಇಲ್ಲ. ದಿನಕ್ಕೆ 50ರಿಂದ 70 ಕಿ.ಮೀ. ಸಾಕು. ಮುಖ್ಯವಾಗಿ ಲಾರಿ ಕಾರು ಕಮ್ಮಿ ಇರೋ ರಸ್ತೆ ಬೇಕು, ಅವಳಿಗೆ ಹಿಂದಿನಿಂದ ಗಾಡಿ ಬಂದ್ರೆ ಭಯ. ಇಬ್ರೂ ಸಸ್ಯಾಹಾರಿಗಳು. ಎಲ್ಲಿ ಉಳ್ಕೊಳ್ಳೋದು, ಯಾವ ರಸ್ತೆ, ಏನು ತಿನ್ನೋದು, ಗೊತ್ತಿರೋರು ದಯವಿಟ್ಟು ಹೇಳಿ.

ಟೂಲೂಸ್_ಮೈಸೂರಿಗ:
ಸರಿಯಾದ ಜಾಗಾನೇ ಕೇಳಿದೀರ. ನಾನು ಟೂಲೂಸ್‌ನಲ್ಲಿರೋದ್ರಿಂದ ವೀಕೆಂಡ್ ಸಿಕ್ಕಿದ್ರೆ ಅಲ್ಲಿಗೇ ಓಟ. ಒಂದೇ ಮಾತಲ್ಲಿ ಹೇಳೋದಾದ್ರೆ ಲಾಟ್ ಹೆಸರು ಕೇಳ್ಕೊಂಡು ಹೋಗಿ, ಆದ್ರೆ ಸೈಕಲ್ ಮಾತ್ರ ಅದರ ಉಪನದಿ ಸೆಲೇ ಕಣಿವೆಯಲ್ಲಿ ಹೊಡೀರಿ.

ಯಾಕೆ ಅಂದ್ರೆ ಲಾಟ್ ನದಿಯ ಉತ್ತರ ದಡದಲ್ಲಿ ಹೋಗೋ ಡಿ 662 ರಸ್ತೆ (ಡಿ ಅಂದ್ರೆ ಇಲ್ಲಿನ ಜಿಲ್ಲಾ ರಸ್ತೆ) ನೋಡೋಕೆ ಚೆಂದ, ಆದ್ರೆ ಆ ಕಡೆಯ ಮುಖ್ಯ ರಸ್ತೆಯೂ ಅದೇ, ಅಲ್ಲಿನ ದೊಡ್ಡ ಊರು ಕಾಓರ್ ಕಡೆಯಿಂದ ಕಜಾರ್ಕ್, ಫಿಜಾಕ್‌ಗೆ ಹೋಗೋರೆಲ್ಲ ಅದರಲ್ಲೇ ಬರ್ತಾರೆ. ಕಾಓರ್ ಊರಿಂದ ವೆರ್ ತನಕ ಇರೋ ಡಿ 653 ಅಂತೂ ಇನ್ನೂ ಬಿಜಿ. ಸೆಲೇ ಕಣಿವೆಯ ಡಿ 41 ಹಾಗಲ್ಲ, ಅದು ಸಣ್ಣ ಸಣ್ಣ ಹಳ್ಳಿಗಳನ್ನ ಪೋಣಿಸ್ಕೊಂಡು ಹೋಗುತ್ತೆ, ಅವಸರದಲ್ಲಿರೋರು ಯಾರೂ ಆ ದಾರಿ ಹಿಡಿಯಲ್ಲ. ಒಂದು ಕಡೆ ನದಿ, ಇನ್ನೊಂದು ಕಡೆ ಸುಣ್ಣಕಲ್ಲಿನ ಬಂಡೆ ಗೋಡೆ, ಕೆಲವು ಕಡೆ ಬಂಡೆ ರಸ್ತೆ ಮೇಲೇ ಚಾಚ್ಕೊಂಡಿರುತ್ತೆ. ಕಾಬ್ರೆರೆ ಹತ್ತಿರ ತಲೆ ಎತ್ತಿ ನೋಡಿ, ಬಂಡೆಯ ಬಿರುಕಿನೊಳಗೇ ಕಟ್ಟಿರೋ ಕೋಟೆ ಗೋಡೆ ಕಾಣುತ್ತೆ, ಇಂಗ್ಲಿಷರ ಜೊತೆ ನೂರು ವರ್ಷದ ಯುದ್ಧ ನಡೆದ ಕಾಲದ್ದು, ಜನ ಈಗಲೂ ಅದನ್ನ ಇಂಗ್ಲಿಷರ ಕೋಟೆ ಅಂತಾನೇ ಕರೀತಾರೆ.

ಉಳ್ಕೊಳ್ಳೋಕೆ ಕಾಓರ್ ಬೇಡ. ಕಾರಿದೆಯಲ್ಲ, ಸೀದಾ ಬೂಜಿಯೆ ಅಥವಾ ಸೇಂಟ್ ಸಿರ್ಕ್ ಲಪೋಪಿ ಸುತ್ತಮುತ್ತ ಮನೆ ಹಿಡೀರಿ. ಸೆಲೇ ಬಂದು ಲಾಟ್‌ಗೆ ಸೇರೋದು ಬೂಜಿಯೆ ಪಕ್ಕದಲ್ಲೇ, ಕೊಂಡ್ಯೂಶೆ ಅನ್ನೋ ಕಡೆ. ಅಲ್ಲಿದ್ರೆ ಬಾಗಿಲಿಂದಲೇ ಎರಡು ಕಣಿವೆ ಸಿಗುತ್ತೆ. ನನ್ನ ಮೆಚ್ಚಿನ ಸುತ್ತು ಹೇಳ್ತೀನಿ: ಕೊಂಡ್ಯೂಶೆಯಿಂದ ಡಿ 41 ಹಿಡಿದು ಕಾಬ್ರೆರೆ, ಸೋಲಿಯಾಕ್ ದಾಟಿ ಮಾರ್ಸಿಯಾಕ್ ತನಕ ಹೋಗಿ, ಅಲ್ಲಿ ಬೆನೆಡಿಕ್ಟೀನ್ ಮಠದ ಅರ್ಧ ಬಿದ್ದ ಗೋಡೆಗಳ ಮಧ್ಯೆ ಕೂತು ಊಟ ಮುಗಿಸಿ, ಆಮೇಲೆ ದಕ್ಷಿಣಕ್ಕೆ ತಿರುಗಿ ಪ್ರಸ್ಥಭೂಮಿ ಹತ್ತಿ ಕಜಾರ್ಕ್‌ಗೆ ಇಳೀರಿ. ಸುಮಾರು 200 ಮೀಟರ್ ಏರು ಅಷ್ಟೇ. ಕಜಾರ್ಕ್‌ನಲ್ಲಿ ಸೇತುವೆ ದಾಟಿ ಲಾಟ್ ನದಿಯ ದಕ್ಷಿಣ ದಡಕ್ಕೆ ಹೋಗ್ಬೇಕು, ಇದು ಮರೀಬೇಡಿ, ಆ ದಡದಲ್ಲಿ ಕಾಲ್ವಿನ್ಯಾಕ್, ಸೆನೆವಿಯೆರ್, ಕ್ರೆಗೋಲ್ ಮೇಲೆ ಬರೋ ಸಣ್ಣ ರಸ್ತೆ ಇದೆ, ಗಾಡಿ ಬಹಳ ಕಮ್ಮಿ. ಒಟ್ಟು 65 ಕಿ.ಮೀ. ಆಸುಪಾಸು.

ಧಾರವಾಡದಂವ:
ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ, ಆದ್ರ ಕಣಿವ್ಯಾಗ ಹೋದ್ರ ಸಪಾಟ ಇರ್ತೈತಿ ಅಂತ ತಿಳ್ಕೋಬ್ಯಾಡ್ರಿ. ನಕಾಶದಾಗ ನದಿ ಬಾಜೂಕ ರಸ್ತೆ ಕಾಣ್ತೈತಿ, ಹೋಗಿ ನೋಡಿದ್ರ ಅದು ಬಂಡೆಗಲ್ಲು ತಪ್ಪಿಸಾಕ ಒಮ್ಮೆ ಮ್ಯಾಲ ಹತ್ತತೈತಿ ಒಮ್ಮೆ ಕೆಳಗ ಇಳೀತೈತಿ, ದಿನಾ ಮುಗಿಯೂದ್ರಾಗ ಕಾಲು ಮಾತಾಡಸ್ತಾವ್ರೀ. ಸೇಂಟ್ ಸಿರ್ಕ್ ಊರು ನದಿಯಿಂದ ಸುಮಾರು 100 ಮೀಟರ್ ಮ್ಯಾಲ ಕಡಿಬಂಡಿ ತುದಿಗೆ ಕುಂತೈತಿ, ಅಲ್ಲೇ ಮನಿ ಹಿಡಿದ್ರ ದಿನಾ ಸಂಜಿಗೆ ದಣಿದು ಬಂದು ಮತ್ತ ಆ ಏರು ಹತ್ತಬೇಕು. ಕೆಳಗ ನದಿ ದಂಡಿಗೆ ಹಿಡೀರಿ ಅಂತ ನನ್ನ ಮಾತು.

ಇನ್ನೊಂದು. ಪ್ರಸ್ಥಭೂಮಿಗೆ ಅವ್ರು ಕೋಸ್ ಅಂತಾರ, ಅದೆಲ್ಲಾ ಸುಣ್ಣಕಲ್ಲು, ಮಳಿ ಬಿದ್ದ ನೀರು ಸೀದಾ ನೆಲದೊಳಗ ಇಂಗಿ ಹೋಗ್ತೈತಿ. ಮ್ಯಾಲ ಹಳ್ಳ ಇಲ್ಲ ಹೊಳಿ ಇಲ್ಲ. ಓಕ್ ಗಿಡ, ಕುರಿ, ಕಲ್ಲು ಜೋಡಿಸಿ ಕಟ್ಟಿದ ಸಣ್ಣ ಸಣ್ಣ ಗುಡಸಲು, ಅಷ್ಟೇ. ಕಣಿವ್ಯಾಗ ಬಾಟ್ಲಿ ತುಂಬಿಸ್ಕೊಳ್ಳದ ಹತ್ತಬ್ಯಾಡ್ರಿ. ಆದ್ರ ಮ್ಯಾಲಿನ ರಸ್ತೆದಾಗ ಇರೂ ಶಾಂತಿ ಕೆಳಗ ಎಲ್ಲೂ ಇಲ್ಲ ನೋಡ್ರಿ, ನನಗಂತೂ ಕಣಿವಿಗಿಂತ ಅದ ಸೇರ್ತೈತಿ. ತಾಸುಗಟ್ಟಲೆ ಒಂದು ಟ್ರ್ಯಾಕ್ಟರ್ ಬಿಟ್ರ ಏನೂ ಬರಂಗಿಲ್ಲ.

ನೀರಿಗೆ ಒಂದು ಉಪಾಯ ಐತಿ, ಫ್ರಾನ್ಸ್‌ನ ಸೈಕಲ್ ಮಂದಿಗೆಲ್ಲಾ ಗೊತ್ತಿರೂದ. ಹಳ್ಳಿ ಸ್ಮಶಾನಕ್ಕ ಹೋಗ್ರಿ. ಸಮಾಧಿ ಮ್ಯಾಲಿನ ಹೂವಿನ ಕುಂಡಕ್ಕ ನೀರು ಹಾಕಾಕ ಗೇಟಿನ ಹತ್ರ ನಳ ಇರ್ತೈತಿ. ಕುಡಿಯೂ ನೀರು ಅಲ್ಲ ಅಂದ್ರ 'ನೋ ಪೊತಾಬ್ಲ್' ಅಂತ ಬೋರ್ಡ್ ಹಾಕಿರ್ತಾರ, ಅದನ್ನ ನೋಡಿ ತುಂಬಿಸ್ಕೋರಿ.

ಕುಡ್ಲ_ಟು_ಲಿಯಾನ್:
ಸ್ಮಶಾನದ ನೀರು ನಾನೂ ಕುಡಿದಿದ್ದೇನೆ ಮಾರಾಯ್ರೆ, ಊರಲ್ಲಿ ಅಮ್ಮನಿಗೆ ಮಾತ್ರ ಹೇಳ್ಲಿಲ್ಲ 😄

ಊಟದ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ನಾವೂ ಸಸ್ಯಾಹಾರಿಗಳೇ. ಆ ಸೀಮೆ ಬಾತುಕೋಳಿಯ ಸೀಮೆ. ಸಲಾಡ್ ಅಂತ ಹೇಳಿದ್ರೆ ಅದರಲ್ಲಿ ಬಾತುಕೋಳಿಯ ಗಿಜಾರ್ಡ್ (ಹೊಟ್ಟೆಯ ಭಾಗದ ಮಾಂಸ) ಉಂಟು, ಆಲೂಗಡ್ಡೆ ಹುರಿದದ್ದು ಅಂದ್ರೆ ಅದು ಬಾತುಕೋಳಿಯ ಕೊಬ್ಬಿನಲ್ಲೇ ಹುರಿದದ್ದಾಗಿರ್ಬಹುದು, ಹಾಗಾಗಿ ಮಾಂಸ ಬೇಡ ಅಂತ ಹೇಳಿ ಸುಮ್ಮನೆ ಕೂತ್ರೆ ಆಗ್ಲಿಕ್ಕಿಲ್ಲ, 'ಸಾನ್ ವಿಯಾಂದ್, ಸಾನ್ ಪುವಾಸೋನ್, ಸಾನ್ ಲಾರ್ದೋನ್' ಅಂತ, ಅಂದ್ರೆ ಮಾಂಸ ಬೇಡ, ಮೀನು ಬೇಡ, ಲಾರ್ದೋನ್ ಬೇಡ ಅಂತ ಮೂರನ್ನೂ ಹೇಳಿ. ಲಾರ್ದೋನ್ ಅಂದ್ರೆ ಹಂದಿಮಾಂಸದ ಸಣ್ಣ ತುಂಡುಗಳು, ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ, ಉಪ್ಪು ಮೆಣಸಿನ ಹಾಗೆ ಎಲ್ಲದಕ್ಕೂ ಬೀಳ್ತದೆ.

ಒಳ್ಳೇದು ಏನು ಸಿಗ್ತದೆ ಅಂದ್ರೆ ಆಡಿನ ಹಾಲಿನ ಸಣ್ಣ ಚೀಸ್ ಬಿಲ್ಲೆ, ರೊಕಮಡೂರ್ ಅಂತ ಹೆಸರು, ಅಂಗೈಗಿಂತ ಸಣ್ಣದು, ಅದನ್ನು ಬ್ರೆಡ್ ಮೇಲೆ ಬಿಸಿ ಮಾಡಿ ವಾಲ್‌ನಟ್ ಹಾಕಿ ಕೊಡ್ತಾರೆ. ಚೀಸ್‌ಗೆ ಹಾಲು ಒಡೆಸ್ಲಿಕ್ಕೆ ಹಾಕುವ ಪ್ರಾಣಿಮೂಲದ ರೆನ್ನೆಟ್ ಬೇಡ ಅನ್ನುವವರಾದ್ರೆ ಅದೂ ಇಲ್ಲ, ಹಣ್ಣು ಬ್ರೆಡ್ಡೇ ಗತಿ. ಕಾಓರ್‌ನಲ್ಲಿ ಬುಧವಾರ ಮತ್ತು ಶನಿವಾರ ಕೆಥೆಡ್ರಲ್ ಎದುರು ಸಂತೆ ಉಂಟು, ಜೂನ್ ಅಂದ್ರೆ ಚೆರ್ರಿ, ಸ್ಟ್ರಾಬೆರಿ ಬೇಕಾದಷ್ಟು.

ಅಡುಗೆಮನೆ ಇರುವ ಜಾಗವೇ ತಗೊಳ್ಳಿ. ಸೆಲೇ ಕಣಿವೆಯ ಹಳ್ಳಿಗಳಲ್ಲಿ ಅಂಗಡಿ ಅಂತ ಸಿಗುವುದೇ ಅಪರೂಪ, ಸಿಕ್ಕಿದ್ರೂ 12 ಗಂಟೆಗೆ ಬಾಗಿಲು ಹಾಕಿ ಮಧ್ಯಾಹ್ನ ಪೂರಾ ಪತ್ತೆ ಇಲ್ಲ, ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಮುಚ್ಚಿರುವುದೂ ಸಾಮಾನ್ಯ. ನಾವು ಜೇಬಿನಲ್ಲಿ ಒಗ್ಗರಣೆ ಅವಲಕ್ಕಿ ಡಬ್ಬಿ ಇಟ್ಟುಕೊಂಡೇ ಹೋಗುವುದು. ಮಾರ್ಸಿಯಾಕ್ ಮಠದ ಹತ್ತಿರ ಕೂತು ತಿನ್ನುವಾಗ ಪಕ್ಕದಲ್ಲಿದ್ದ ಒಬ್ಬ ಯಾತ್ರಿಕರು ಏನದು ಅಂತ ಕೇಳಿದ್ರು (ಆ ಕಣಿವೆಯಲ್ಲಿ ಸ್ಪೇನಿನ ಸಾಂತಿಯಾಗೋಗೆ ನಡ್ಕೊಂಡು ಹೋಗುವವರ ದಾರಿಯೂ ಉಂಟು), ಕೊಟ್ವಿ, ಡಬ್ಬಿ ಖಾಲಿ.

ಅಪ್ಪ_ಅಮ್ಮ_ಎರಡು_ಮಕ್ಕಳು:
ನಾವು ಮಕ್ಕಳನ್ನ ಕರ್ಕೊಂಡು ಹೋಗಿದ್ದು ಇನ್ನೊಂದು ದಿಕ್ಕಿಗೆ, ಕಾಓರ್‌ನಿಂದ ಕೆಳಕ್ಕೆ, ಪಶ್ಚಿಮಕ್ಕೆ. ಅಲ್ಲಿ ವಿ 86 ಅಂತ ಬೋರ್ಡ್ ಹಾಕಿರೋ ಸೈಕಲ್ ದಾರಿ ಇದೆ, ಕಾಓರ್‌ನಿಂದ ಎಗಿಯೋನ್ ತನಕ ಸುಮಾರು 160 ಕಿ.ಮೀ., ಎಗಿಯೋನ್ ಹತ್ತಿರ ಲಾಟ್ ಹೋಗಿ ಗರೋನ್ ನದಿಗೆ ಸೇರುತ್ತೆ. ಪೂರ್ತಿ ಸೈಕಲ್‌ಗೇ ಮೀಸಲಾದ ಟ್ರ್ಯಾಕ್ ಅಂದ್ಕೋಬೇಡಿ, ಬಹುಪಾಲು ಸಣ್ಣ ರಸ್ತೆಗಳೇ, ಆದ್ರೆ ಆರಿಸಿ ಜೋಡಿಸಿರೋದ್ರಿಂದ ತಲೆನೋವಿಲ್ಲ. ಈ ಭಾಗದಲ್ಲಿ ನದಿ ಹಾವಿನ ಥರ ಸುತ್ಕೊಂಡು ಹೋಗುತ್ತೆ, ಲುಜೆಶ್ ಊರಲ್ಲಂತೂ ಒಂದು ಸುತ್ತು ಪೂರ್ತಿ ಆಗಿ ಮತ್ತೆ ಅದೇ ಜಾಗಕ್ಕೆ ಬಂದ ಹಾಗಿದೆ, ಊರಿನ ಎರಡೂ ಕಡೆ ನದಿ. ಸುತ್ತ ಮಾಲ್ಬೆಕ್ ದ್ರಾಕ್ಷಿ ತೋಟ. ನಿಮ್ಮ ಮನೆಯವರಿಗೆ ಗಾಡಿ ಭಯ ಅಂದ್ರಲ್ಲ, ಮೊದಲ ದಿನ ಇಲ್ಲಿ ಶುರು ಮಾಡಿ, ಧೈರ್ಯ ಬಂದಮೇಲೆ ಸೆಲೇ ಕಡೆ ಹೋಗಿ.

ಟೂಲೂಸ್_ಮೈಸೂರಿಗ:
ಗಾಡಿ ಭಯದ ವಿಷಯ: ಊರ ಹೊರಗೆ ಸೈಕಲ್ ಓವರ್‌ಟೇಕ್ ಮಾಡೋವಾಗ ಒಂದೂವರೆ ಮೀಟರ್ ಜಾಗ ಬಿಡ್ಬೇಕು ಅಂತ ಇಲ್ಲಿ ಕಾನೂನೇ ಇದೆ, ಊರೊಳಗೆ ಒಂದು ಮೀಟರ್. ಹಳ್ಳಿ ಕಡೆ ಡ್ರೈವರ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿನೇ ಬಿಡ್ತಾರೆ, ತಿರುವಿನಲ್ಲಿ ಹಿಂದೇನೇ ಕಾಯ್ತಾರೆ, ಹಾರ್ನ್ ಹೊಡೆಯಲ್ಲ. ನಮ್ಮೂರಲ್ಲಿ ಹೊಡೆದು ಅಭ್ಯಾಸ ಇರೋರಿಗೆ ಹಾರ್ನ್ ಇಲ್ದೆ ಹಿಂದೆ ಕಾರು ಇರೋದೇ ಗೊತ್ತಾಗಲ್ಲ, ಆಗಾಗ ತಿರುಗಿ ನೋಡ್ಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಹೊಡೆಯೋದು ಇಲ್ಲಿ ನಿಷೇಧ, ದಂಡ ಬೀಳುತ್ತೆ. ಹಳ್ಳಿಯೊಳಗೆ ಬೋರ್ಡ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋರಿಗೆ ದಾರಿ ಬಿಡ್ಬೇಕು, ಅದು ಎಷ್ಟೇ ಸಣ್ಣ ಗಲ್ಲಿ ಆಗಿರ್ಲಿ.

ನನಗೆ ನಿಜವಾಗಿ ಕಿರಿಕಿರಿ ಆಗೋದು ಗಾಡಿ ಅಲ್ಲ, ಜಲ್ಲಿ. ಬೇಸಿಗೆ ಬಂದ್ರೆ ಸಣ್ಣ ಡಿ ರಸ್ತೆಗಳಿಗೆ ಟಾರು ಸುರಿದು ಮೇಲೆ ಪುಡಿಜಲ್ಲಿ ಹರಡಿ ಹೋಗ್ತಾರೆ, ವಾಹನ ಓಡಾಡಿ ಅದು ಕೂರ್ಬೇಕು. 'ಗ್ರಾವಿಯೋನ್' ಅಂತ ಬೋರ್ಡ್ ಕಂಡ್ರೆ ಇಳಿಜಾರಿನಲ್ಲಿ ಮೊದಲೇ ಸ್ಪೀಡ್ ಇಳಿಸಿ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಕೂತ ಮೇಲೂ ಮೇಲ್ಮೈ ಒರಟೇ. 23, 25 ಮಿ.ಮೀ. ಅಗಲದ ಟೈರ್ ಇದ್ರೆ ತೆಗೆದು 28 ಅಥವಾ 32 ಹಾಕ್ಕೊಂಡು ಬನ್ನಿ.

ಬೂಜಿಯೆಯಲ್ಲಿ ನದಿ ದಾಟೋ ತೂಗುಸೇತುವೆ ಬಹಳ ಕಿರಿದು, ಎದುರಿಂದ ಕಾರು ಬರ್ತಿದ್ರೆ ಈಚೆನೇ ನಿಂತ್ಕೊಳ್ಳಿ. ಅಲ್ಲಿಂದ ಸೇಂಟ್ ಸಿರ್ಕ್ ಕಡೆಗೆ ನದಿ ಪಕ್ಕ ಬಂಡೆ ಕೊರೆದು ಮಾಡಿರೋ ಹಳೇ ದಾರಿ ಇದೆ, ದೋಣಿಗಳನ್ನ ದಡದಿಂದ ಹಗ್ಗ ಕಟ್ಟಿ ಎಳೀತಿದ್ರಲ್ಲ, ಅದಕ್ಕೆ ಮಾಡಿದ್ದು. ನೋಡಲೇಬೇಕು, ಆದ್ರೆ ಸೈಕಲ್ ಬೀಗ ಹಾಕಿ ನಡ್ಕೊಂಡು ಹೋಗಿ, ರೋಡ್ ಸೈಕಲ್‌ಗೆ ಆ ನೆಲ ಅಲ್ಲ, ನಡೆಯೋರೂ ತುಂಬಾ ಇರ್ತಾರೆ.

ಐಂಡ್‌ಹೋವನ್_ಹುಡುಗ:
ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡು ಡೌಟು. ಸೇಂಟ್ ಸಿರ್ಕ್‌ನಲ್ಲಿ ಟೂರಿಸ್ಟ್ ರಶ್ ಇರುತ್ತಾ? ಮತ್ತೆ ಕಾಬ್ರೆರೆ ಹತ್ತಿರ ಯಾವುದೋ ಗುಹೆ ಇದೆಯಂತಲ್ಲ, ಸೈಕಲ್ ಮೇಲೆ ಹೋಗ್ಬಹುದಾ?

ಧಾರವಾಡದಂವ:
ರಶ್ ಇರ್ತೈತ್ರಿ. 2012ರಾಗ ಟೀವಿ ಓಟಿನ್ಯಾಗ ಫ್ರೆಂಚ್ ಮಂದಿಯ ಮೆಚ್ಚಿನ ಹಳ್ಳಿ ಅಂತ ಗೆದ್ದಿದ್ದು ಅದ, ಅದಕ್ಕಿಂತ ಮೊದಲೂ ಮಂದಿ ಬರ್ತಿದ್ರು ಬಿಡ್ರಿ, ಕವಿ ಆಂದ್ರೆ ಬ್ರೆತೋನ್ 1951ರಾಗ ಅಲ್ಲೇ ಮನಿ ತಗೊಂಡಿದ್ದ. ಜೂನ್‌ದಾಗ ಹೊತ್ತು ಮುಳುಗೂದ 9.40ರ ಸುಮಾರಿಗೆ, ಅದಕ್ಕ ಸಂಜೀ 7ರ ಮ್ಯಾಲ ಹತ್ರಿ, ಬಸ್ಸಿನ ಮಂದಿ ಹೋಗಿರ್ತಾರ, ಬಿಸಲೂ ಇಳಿದಿರ್ತೈತಿ.

ಕುಡ್ಲ_ಟು_ಲಿಯಾನ್:
ಗುಹೆಯ ಹೆಸರು ಪೆಶ್ ಮೆರ್ಲ್. 1922ರಲ್ಲಿ ಊರಿನ ಹುಡುಗರು ಒಳಗೆ ನುಗ್ಗಿ ಕಂಡುಹಿಡಿದದ್ದು. ಮೈಮೇಲೆ ಚುಕ್ಕೆ ಇರುವ ಎರಡು ಕುದುರೆಗಳ ಚಿತ್ರ ಉಂಟು, ಸುಮಾರು 29,000 ವರ್ಷ ಹಳೇದು, ನಕಲು ಅಲ್ಲ, ಅಸಲೇ ನೋಡ್ಲಿಕ್ಕೆ ಬಿಡ್ತಾರೆ. ಅದರಲ್ಲಿ ಒಂದು ಕುದುರೆಯ ತಲೆ ನೋಡಿ, ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ, ಅದನ್ನು ನೋಡಿಯೇ ಬರೆದಿರ್ಬೇಕು ಅಂತ ಅನ್ನಿಸ್ತದೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವ ಕಾರಣ ಮೊದಲೇ ಬುಕ್ ಮಾಡಿ. ಕಾಬ್ರೆರೆಯಿಂದ ಮೇಲಕ್ಕೆ ದೂರ ಕಮ್ಮಿ, ಆದ್ರೆ ಏರು ಕಡಿದು, ಬೆವರು ಹರಿಸಿಕೊಂಡೇ ತಲುಪುವುದು, ಒಳಗೆ ಹೋದ ಕೂಡ್ಲೇ ತಣ್ಣಗೆ ಫ್ರಿಜ್. ಒಂದು ಜಾಕೆಟ್ ಹಿಂದಿನ ಜೇಬಿನಲ್ಲಿ ಇರ್ಲಿ.

ಟೂಲೂಸ್_ಮೈಸೂರಿಗ:
ಒಂದು ಸೇರಿಸ್ತೀನಿ, ವಾರದಲ್ಲಿ ಒಂದು ದಿನ ಸೆಲೇ ಮೇಲ್ಭಾಗಕ್ಕೆ ಇಟ್ಕೊಳ್ಳಿ, ಮಾರ್ಸಿಯಾಕ್‌ನಿಂದ ಬ್ರೆಂಗ್, ಎಸ್ಪನ್ಯಾಕ್ ಕಡೆ. ಎಸ್ಪನ್ಯಾಕ್‌ನಲ್ಲಿ ನದಿ ದಾಟಿ ಒಳಗೆ ಹೋದ್ರೆ ಹಳೇ ಸನ್ಯಾಸಿನಿಯರ ಮಠ, ಚರ್ಚಿನ ಗಂಟೆ ಗೋಪುರ ಮರದ ಚೌಕಟ್ಟು ಇಟ್ಟಿಗೆಯದ್ದು, ಬಹಳ ವಿಚಿತ್ರವಾಗಿದೆ. ಕಾರನ್ನ ಮಾರ್ಸಿಯಾಕ್‌ನಲ್ಲೇ ಬಿಟ್ಟು ಹೋಗಿ ಬಂದ್ರೆ ಅರ್ಧ ದಿನ. ಫಿಜಾಕ್ ತನಕ ಸೈಕಲ್‌ನಲ್ಲಿ ಹೋಗೋದಿದ್ರೆ ಊರು ಮುಟ್ಟೋ ಕೊನೇ ಕೆಲವು ಕಿಲೋಮೀಟರ್ ದೊಡ್ಡ ರಸ್ತೆ, ನಿಮ್ಮ ಮನೆಯವರಿಗೆ ಅದು ಹಿಡಿಸಲ್ಲ. ಫಿಜಾಕ್‌ಗೆ ಕಾರಲ್ಲೇ ಹೋಗಿ ಬನ್ನಿ, ಈಜಿಪ್ಟಿನ ಚಿತ್ರಲಿಪಿ ಓದಿದ ಶಾಂಪೋಲಿಯೋನ್ 1790ರಲ್ಲಿ ಹುಟ್ಟಿದ ಊರು ಅದು, ಒಂದು ಅಂಗಳದ ನೆಲ ಪೂರ್ತಿ, ಆ ಲಿಪಿ ಓದೋಕೆ ನೆರವಾದ ರೊಸೆಟ್ಟಾ ಶಾಸನ ಕಲ್ಲಿನ ದೊಡ್ಡ ಪ್ರತಿ ಹಾಸಿದಾರೆ, ಮೇಲೇ ನಡೆದಾಡ್ಬಹುದು. ಸೈಕಲ್ ಶೂ ಹಾಕ್ಕೊಂಡು ಮಾತ್ರ ಹೋಗ್ಬೇಡಿ, ಕಪ್ಪು ಕಲ್ಲು, ಜಾರುತ್ತೆ.